ಕುಣಿಗಲ್ ಪೈಪಿಗೆ ಬಿದ್ದ ಹಲ್ಲು

ಇಪ್ಪತ್ತೆರಡು ವರ್ಷದಿಂದ ನಾನು ಊರವರ ಬಾಯಿಗೆ ಹಲ್ಲು ಮಾಡಿಕೊಡುತ್ತಿದ್ದೇನೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಹಲ್ಲಿನ ಸೆಟ್ಟು ಮಾಡುವವಳು ನಾನು. ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಒಂದು ಮೋಟರು, ಅದಕ್ಕೆ ಸಿಕ್ಕಿಸಿದ ಬಟ್ಟೆಯ ಚಕ್ರ, ಪಾಲಿಶ್ ಪುಡಿ, ಸ್ಪಿರಿಟ್ ದೀಪ, ಇಷ್ಟೇ ಬಂಡವಾಳ. ಮದುವೆ ಮನೆಯಲ್ಲಿ ಯಾರಾದರೂ ಅಜ್ಜ ನಕ್ಕರೆ ನಾನು ಮುಖ ನೋಡುವುದಿಲ್ಲ, ನನ್ನ ಕೆಲಸ ಹೇಗೆ ಕೂತಿದೆ ಅಂತ ನೋಡುತ್ತೇನೆ. ಜಂಬ ಅನ್ನಿ, ಬೇಜಾರಿಲ್ಲ. ಆ ಜಂಬವೇ ಒಂದು ಸಲ ನನಗೆ ಮಣ್ಣು ಮುಕ್ಕಿಸಿತು.

ಶುರುವಾಗಿದ್ದು ಕುಣಿಗಲ್ಲಿನ ಒಂದು ಗುಜರಿ ಅಂಗಡಿಯಲ್ಲಿ. ಅಲ್ಲಿನ ಡಾಕ್ಟರಿಗೆ ಎರಡು ಸೆಟ್ಟು ತಲುಪಿಸಿ ಬಸ್ಸಿಗೆ ಬರುತ್ತಿದ್ದೆ. ಹಳೇ ನಲ್ಲಿ, ಬೀಗ, ಗ್ಯಾಸ್ ಬರ್ನರು ತುಂಬಿದ್ದ ಡಬ್ಬದಲ್ಲಿ ಒಂದು ಮರದ ಪೈಪು ಕಂಡಿತು, ತಂಬಾಕು ತುಂಬಿ ಸೇದುವಂಥದ್ದು. ಬಟ್ಟಲು ಇದ್ದಿಲಿನಷ್ಟು ಕಪ್ಪು. ಬಾಯಿಗಿಡುವ ಕೊಳವೆ ಪಾಚಿ ಕಟ್ಟಿದಂತೆ ಹಸಿರು. ಉಗುರಿನಲ್ಲಿ ಕೆರೆದು ನೋಡಿದೆ, ಗಟ್ಟಿ ಕಪ್ಪು ರಬ್ಬರು! ನನಗೆ ಕೆಲಸ ಕಲಿಸಿದ ಮೇಷ್ಟ್ರು ಒಂದು ಹಳೇ ಸೆಟ್ಟು ತೋರಿಸಿ, ಹಿಂದಿನ ಕಾಲದಲ್ಲಿ ವಸಡನ್ನು ಇದೇ ರಬ್ಬರಿನಲ್ಲಿ ಮಾಡುತ್ತಿದ್ದರು ಅಂತ ಹೇಳಿದ್ದರು. ಎಲ್ಲೋ ಕಳೆದುಹೋಗಿದ್ದ ನೆಂಟರು ಸಿಕ್ಕ ಹಾಗಾಯಿತು.

"ಯಾರದು ಸಾಬ್ರೇ ಇದು?" ಅಂತ ಅಂಗಡಿಯವರನ್ನು ಕೇಳಿದೆ.

"ಯಾರೋ ಕುದುರೆ ಸಾಕ್ತಿದ್ದ ದೊಡ್ಡ ಸಾಹೇಬ್ರುದಂತೆ ಅಕ್ಕಾ. ಯಾಕೆ, ಯಜಮಾನ್ರು ಸೇದ್ತಾರಾ?"

"ಇಲ್ಲಪ್ಪ, ನಾನೇ ಸೇದೋದು" ಅಂದೆ.

ಅವರು ನನ್ನ ಹಣೆಯ ಕುಂಕುಮದಿಂದ ಕಾಲಿನ ಚಪ್ಪಲಿವರೆಗೂ ಒಂದು ಸಲ ನೋಡಿದರು. ಆಮೇಲೆ ಪೈಪನ್ನು ಮೂರು ಸುತ್ತು ಪೇಪರಿನಲ್ಲಿ ಸುತ್ತಿದರು. ಮೆಡಿಕಲ್ ಸ್ಟೋರಿನವರು ಹೆಂಗಸರಿಗೆ ಕೆಲವು ಸಾಮಾನು ಸುತ್ತಿ ಕೊಡುತ್ತಾರಲ್ಲ, ಥೇಟ್ ಹಾಗೆ. ಬಸ್ಸಿನಲ್ಲಿ ಹೆಬ್ಬೂರು ದಾಟುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ.

ನಾನು ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಆದರೆ ಆ ಕೊಳಕನ್ನು ತೆಗೆಯುವುದಿದೆಯಲ್ಲ, ಅದರ ರುಚಿ ಹತ್ತಿದರೆ ಬಿಡುವುದಿಲ್ಲ. ಬಟ್ಟಲೊಳಗೆ ಗಟ್ಟಿಯಾಗಿರುವ ಮಸಿಯನ್ನು ಚೂರೇ ಚೂರು ಕೆರೆಯಬೇಕು. ಉಪ್ಪು ತುಂಬಿ ಸ್ಪಿರಿಟ್ ಬಿಟ್ಟು ಒಂದು ದಿನ ಇಟ್ಟರೆ ಎಷ್ಟೋ ವರ್ಷದ ನಾತವನ್ನು ಉಪ್ಪು ಹೀರಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಕೊಳವೆಯ ಹಸಿರನ್ನು ನೀರು ಹಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ, ಕೊನೆಗೆ ಹಲ್ಲಿನ ಸೆಟ್ಟಿಗೆ ಹಿಡಿಯುವ ಅದೇ ಬಟ್ಟೆಯ ಚಕ್ರಕ್ಕೆ ಹಿಡಿದರೆ ಮುಖ ಕಾಣುವ ಹಾಗೆ ಹೊಳೆಯುತ್ತದೆ. ಹೀಗೆ ಒಂದು ಹೋಗಿ ಹನ್ನೊಂದಾದವು. ಒಂದನ್ನಂತೂ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಸೆಟ್ಟು ಸರಿಯಾಗಿ ಕೂತ ಖುಷಿಗೆ ತಮ್ಮ ತಾತನ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಎಲ್ಲವನ್ನೂ ಹಾಲಿನ ಶೋಕೇಸಿನಲ್ಲಿ, ಮಗಳ ರಂಗೋಲಿ ಸ್ಪರ್ಧೆಯ ಕಪ್ಪುಗಳ ಪಕ್ಕ ಜೋಡಿಸಿದೆ. ನಮ್ಮನೆಯವರು ಮಾತ್ರ, "ಹೆಣ್ಣುಮಗಳ ಶೋಕೇಸ್ನಲ್ಲಿ ಇಡೋ ಸಾಮಾನಾ ಇದು?" ಅಂತ ಬಂದವರ ಎದುರಿಗೆಲ್ಲ ಗೊಣಗುತ್ತಿದ್ದರು.

ಅವರ ಗೊಣಗಾಟಕ್ಕೆ ಕಾರಣವೂ ಇತ್ತು. ಮಾವ, ಅಂದರೆ ನಮ್ಮನೆಯವರ ಅಪ್ಪ, ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ತೂಕ ನೋಡುತ್ತಿದ್ದವರು. ಬಾಯಲ್ಲಿ ಬೀಡಿ ಇಲ್ಲದ ಮಾವನನ್ನು ಗುಬ್ಬಿಯವರು ಕಂಡೇ ಇಲ್ಲ. ಮೂರು ವರ್ಷದ ಹಿಂದೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ತುಟಿ ನೀಲಿಯಾಗಿದ್ದ ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಮನೆಗೆ ಕಳಿಸುವಾಗ ಡಾಕ್ಟರು, "ಇನ್ನು ಸೇದಿದ್ರೆ ನನ್ನ ಹತ್ರ ಬರಬೇಡಿ, ಆಕ್ಸಿಜನ್ ಸಿಲಿಂಡರ್ ತಗೊಂಡು ಮನೇಲೇ ಇಟ್ಕೊಳಿ" ಅಂದರು. ಅವತ್ತಿಗೆ ಬೀಡಿ ಬಂದ್. ಮಾವ, ಅತ್ತೆ ಇಬ್ಬರೂ ತುಮಕೂರಿಗೆ ನಮ್ಮ ಜೊತೆಗೇ ಬಂದರು. ಇದ್ದ ನಾಲ್ಕು ಹಲ್ಲು ತೆಗೆಸಿ ಮಾವನಿಗೆ ಮೇಲೂ ಕೆಳಗೂ ಹೊಸ ಸೆಟ್ಟು ಮಾಡಿಕೊಟ್ಟೆ. ನನ್ನ ಕೈಯಲ್ಲಿ ಅಷ್ಟು ಚೆಂದದ ಸೆಟ್ಟು ಅದಕ್ಕೆ ಮುಂಚೆ ಬಂದಿರಲಿಲ್ಲ.

ಅತ್ತೆಗೆ ನನ್ನ ಕೆಲಸದ ಹಂಗೇ ಇಲ್ಲ. ಎಪ್ಪತ್ತು ದಾಟಿದ್ದರೂ ಎಲ್ಲ ಹಲ್ಲೂ ಸ್ವಂತದ್ದು. ಮಾವನ ಎದುರಿಗೆ ಕೂತು ಕೋಡುಬಳೆಯನ್ನು ಮುಂದಿನ ಹಲ್ಲಿನಲ್ಲಿ ಕಟುಂ ಅನ್ನಿಸಿ, "ಬೀಡಿ ಸೇದ್ದೋರ್ಗೆ ದೇವ್ರು ಇದ್ನೆಲ್ಲ ಕೊಡಾಕಿಲ್ಲ" ಅನ್ನುವುದು ಅವರ ಸಂಜೆಯ ಪೂಜೆ. ಐವತ್ತು ವರ್ಷ ಆ ಬೀಡಿಯನ್ನು ಬಯ್ದು ಬಯ್ದು ಬಾಯಿ ಪಳಗಿತ್ತು. ಬೀಡಿ ಹೋದ ಮೇಲೆ ಮಾವ ಕೂತರೆ ತಪ್ಪು, ನಿಂತರೆ ತಪ್ಪು.

ಹೋದ ಅವರೆಕಾಯಿ ಕಾಲದ ಒಂದು ಭಾನುವಾರ. ಶೋಕೇಸಿನ ಧೂಳು ಹೊಡೆಯುತ್ತ ಕುಣಿಗಲ್ ಪೈಪನ್ನು ಕೈಗೆತ್ತಿಕೊಂಡೆ. ಕನ್ನಡಿಯಂತೆ ಮಾಡಿಟ್ಟಿದ್ದ ಕೊಳವೆಯ ತುದಿಯಲ್ಲಿ ಮೇಲೊಂದು ಕೆಳಗೊಂದು ಗುಳಿ. ಹಲ್ಲಿನದೇ, ಅನುಮಾನವಿಲ್ಲ. ಮೂಗಿನ ಹತ್ತಿರ ತಂದರೆ ಗಮ್ಮೆಂದು ಹೊಗೆಯ ವಾಸನೆ. ಬಟ್ಟಲ ತಳದಲ್ಲಿ ಎರಡು ಎಳೆ ಬೀಡಿ ತಂಬಾಕು.

ಅಯ್ಯೋ ಶಿವನೇ, ಕುಡಿತ ಬಿಟ್ಟವನ ಮನೆಯಲ್ಲಿ ಹೆಂಡದಂಗಡಿ ಇಟ್ಟ ಹಾಗೆ ಮಾಡಿಬಿಟ್ಟೆನಲ್ಲ! ಮಾವನಿಗೆ ಮತ್ತೆ ಉಸಿರು ಕಟ್ಟಿದರೆ ಯಾರ ಮುಖ ನೋಡಲಿ? ಆದರೆ ಸುಳ್ಳು ಯಾಕೆ ಹೇಳಲಿ, ಆ ಹೆದರಿಕೆಯ ಮಧ್ಯದಲ್ಲೂ ಗುಳಿಯ ಮೇಲೆ ಬೆರಳಾಡಿಸಿ, "ಪರವಾಗಿಲ್ಲವೇ, ನನ್ನ ಸೆಟ್ಟು ಇಂಥ ಗಟ್ಟಿ ರಬ್ಬರನ್ನೂ ಕಚ್ಚುತ್ತದೆ" ಅಂತ ಒಂದು ಕ್ಷಣ ಬೀಗಿದೆ.

ಮಾವ ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪೈಪನ್ನು ಮಾವನ ಮುಖದ ಮುಂದೆ ಹಿಡಿದೆ.

"ಇದೇನು ಮಾವ?"

ಮಾವ ಪೈಪು ನೋಡಿದರು. ಅತ್ತೆಯನ್ನು ನೋಡಿದರು. "ನಾನೇ ಕಣಮ್ಮ ಸೇದಿದ್ದು. ತಪ್ಪಾಯ್ತು" ಅಂದರು.

ಅಷ್ಟು ಬೇಗ ಒಪ್ಪಿಕೊಂಡ ಕಳ್ಳನನ್ನು ನಾನು ಕಂಡಿರಲಿಲ್ಲ. ನನ್ನ ಸಿಟ್ಟು ಅರ್ಧದಲ್ಲೇ ನಿಂತುಹೋಯಿತು. ಅದಕ್ಕಿಂತ ಆಶ್ಚರ್ಯ ಅತ್ತೆಯದು. ಮಾವ ಸೀನಿದರೂ ಮನೆ ಎತ್ತಿ ಹಾಕುವ ಹೆಂಗಸು ಅವರೆಕಾಯಿಯಿಂದ ತಲೆ ಎತ್ತದೆ, "ಹೋಗ್ಲಿ ಬುಡು, ಏನೋ ಗೊತ್ತಾಗ್ದೆ ಮಾಡವ್ರೆ" ಅಂದರು! ನನಗೆ ಅಲ್ಲೇ ಹೊಳೆಯಬೇಕಿತ್ತು. ಸಿಟ್ಟು ಬಂದರೆ ಬುದ್ಧಿ ಅಡುಗೆಮನೆಯಾಚೆ ಹೋಗುತ್ತದೆ ನನಗೆ.

ನಮ್ಮನೆಯವರಿಗೆ ವಿಷಯ ಗೊತ್ತಾಗಿ ಮನೆ ರಣರಂಗವಾಯಿತು. "ನಮ್ಮಪ್ಪನ ಉಸಿರಿಗಿಂತ ನಿನ್ನ ಪೈಪು ಹೆಚ್ಚಾ? ಮೊದ್ಲು ಎಲ್ಲಾನೂ ಗುಜರಿಗೆ ಹಾಕು" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾಳೆ ಸಂಜೆ ನಾನೇ ಕಟ್ಟಿ ಕೊಡುತ್ತೇನೆ ಅಂದು ಬಚ್ಚಲಿಗೆ ಹೋಗಿ ಅತ್ತುಬಂದೆ.

ಮರುದಿನ ಬೆಳಿಗ್ಗೆ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಯಂತ್ರಕ್ಕೆ ಊದಿಸಿ, ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, ಹಳೇ ಚೀಟಿ ತಿರುವಿಹಾಕಿ, "ಹೋದ ಸಲಕ್ಕಿಂತ ಸುಧಾರಿಸಿದೆಯಲ್ರೀ. ಸೇದಿದಾರೆ ಅಂತ ಅನ್ನಿಸ್ತಿಲ್ಲವಲ್ಲ" ಅಂದರು.

"ಇಲ್ಲ ಸಾರ್, ಸೇದಿದೀನಿ" ಅಂತ ಮಾವ ಪಟ್ಟು ಹಿಡಿದರು. "ಚೆನ್ನಾಗೇ ಸೇದಿದೀನಿ."

ಬೇರೆ ದಾರಿಯಿಲ್ಲದೆ ಡಾಕ್ಟರು ಬಯ್ದರು. ಮಾವ ಮದುಮಗನ ಹಾಗೆ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ನಮ್ಮನೆಯವರು ನಮ್ಮಿಬ್ಬರನ್ನು ಆಟೋ ಹತ್ತಿಸಿ ಆಫೀಸಿಗೆ ಹೋದರು.

ಮಧ್ಯಾಹ್ನ ಪೈಪುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದೆ. ಕುಣಿಗಲ್ ಪೈಪು ಕೊನೆಗೆ ಉಳಿಯಿತು. ಗುಜರಿಗೇ ಹೋಗಲಿ, ನನ್ನ ಕೈಯಿಂದ ಗುಳಿ ಬಿದ್ದ ಮಾಲು ಹೋಗಬಾರದು ಅನ್ನಿಸಿತು. ಈ ರಬ್ಬರಿನ ಒಂದು ಗುಣವೆಂದರೆ, ಹಲ್ಲು ಒತ್ತಿದ ಗುಳಿಗೆ ಹದವಾಗಿ ಬಿಸಿ ತಾಗಿಸಿದರೆ ತಾನೇ ಮೇಲೇಳುತ್ತದೆ. ಸ್ಪಿರಿಟ್ ದೀಪ ಹಚ್ಚಿ ಕೊಳವೆಯನ್ನು ತಿರುಗಿಸುತ್ತ ಕೂತೆ. ಮೇಲಿನ ಗುಳಿ ನಿಧಾನಕ್ಕೆ ತುಂಬತೊಡಗಿತು. ಆಗ, ಪುಣ್ಯಕ್ಕೆ, ಸೊಸೆ ಹಿಂದೆ ಸರಿದು ಹಲ್ಲು ಮಾಡುವವಳು ಎದ್ದು ಕೂತಳು.

ಇದು ಮುಂದಿನ ಹಲ್ಲಿನ ಕಡಿತ. ಸೆಟ್ಟು ಹಾಕಿಕೊಂಡವರು ಮುಂದಿನ ಹಲ್ಲಿನಲ್ಲಿ ಜೋರಾಗಿ ಕಚ್ಚಿದರೆ ಸೆಟ್ಟು ಹಿಂದೆ ಮೇಲೆದ್ದು ಕಳಚಿಕೊಳ್ಳುತ್ತದೆ. ಸೀಬೆಕಾಯಿ ಕಚ್ಚಬೇಡಿ, ಹೆಚ್ಚಿಕೊಂಡು ತಿನ್ನಿ ಅಂತ ಬಂದವರಿಗೆಲ್ಲ ಉಪದೇಶ ಮಾಡುವವಳು ನಾನೇ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಯಾವ ಸೆಟ್ಟೂ ರಬ್ಬರಿಗೆ ಗುಳಿ ಬೀಳಿಸಿಲ್ಲ, ಬೀಳಿಸುವುದೂ ಇಲ್ಲ. ಜಂಬದಲ್ಲಿ ಅಷ್ಟೂ ಮರೆತಿದ್ದೆ.

"ಮಾವ, ಸ್ವಲ್ಪ ಬನ್ನಿ" ಅಂತ ಕರೆದು ಕೈಗೊಂದು ಪೆನ್ಸಿಲ್ ಕೊಟ್ಟೆ. "ಇದನ್ನ ಮುಂದಿನ ಹಲ್ಲಲ್ಲಿ ಗಟ್ಟಿಯಾಗಿ ಕಚ್ಚಿ."

ಅವರು ಕಚ್ಚಿದರು. ಮೇಲಿನ ಸೆಟ್ಟು ಟಪ್ಪನೆ ಬಿದ್ದು ನನ್ನ ಮೇಜಿನ ಮೇಲೆ ಕೂತಿತು. ಇಬ್ಬರೂ ಅದನ್ನೇ ನೋಡಿದೆವು. ಮಾವ ಅದನ್ನು ಎತ್ತಿ ಪಂಚೆಗೆ ಒರೆಸಿ ಬಾಯಿಗೆ ಹಾಕಿಕೊಂಡು, "ಅವತ್ತು ಗಟ್ಟಿಯಾಗಿ ಕೂತಿತ್ತಮ್ಮ" ಅಂದರು.

"ಮಾವ!"

"ಮೆಲ್ಲಗೆ ಮಾತಾಡಮ್ಮ" ಅಂದರು ಅಡುಗೆಮನೆ ಕಡೆ ನೋಡುತ್ತ. "ಮಗನಿಗೆ ಹೇಳ್ಬೇಡ. ನಿನ್ ಕಾಲಿಗ್ ಬೀಳ್ತೀನಿ."

ಅವರು ಸೇದಿಲ್ಲ! ನನಗೆ ಹೋದ ಜೀವ ಬಂದ ಹಾಗಾಯಿತು. ಅದರ ಹಿಂದೆಯೇ ಕೋಪವೂ ಬಂತು. ಸೀದಾ ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಳು ಹಿದುಕುತ್ತಿದ್ದರು. ನನ್ನ ಕೈಯಲ್ಲಿದ್ದ ಪೈಪು ನೋಡಿ, "ಹೂಂ, ನಾನೇ" ಅಂದರು. ನಾಚಿಕೆ ಅನ್ನುವುದು ಒಂದು ಸಾಸಿವೆಯಷ್ಟೂ ಇರಲಿಲ್ಲ.

"ಬೀಡಿ ಎಲ್ಲಿಂದ ಬಂತು ಅತ್ತೆ?"

"ಆಸ್ಪತ್ರೇಲಿ ಅವ್ರ್ ಜೇಬಿಂದ ಕಿತ್ಕೊಂಡಿದ್ನಲ್ಲ, ಹುರುಳಿ ಡಬ್ಬೀಲಿತ್ತು. ಎಲೆ ಪುಡಿಯಾಗೋಗಿತ್ತು, ಒಳಗಿನ್ ತಂಬಾಕ್ನ ಇದ್ರೊಳಿಕ್ ತುಂಬ್ದೆ. ಎಳ್ಡೇ ದಪ ಸೇದಿದ್ದು, ಮಾಡಿ ಮೇಲೆ, ಬಟ್ಟೆ ಒಣಗಾಕೋವಾಗ. ಆಮ್ಯಾಕೆ ಇವ್ರ್ ಬಂದು ನೋಡ್ಬುಟ್ರು."

"ಐವತ್ತು ವರ್ಷ ಬಯ್ದೋರು ನೀವು! ನಿಮಗ್ಯಾಕೆ ಬೇಕಿತ್ತು?"

ಅತ್ತೆ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. "ಐವತ್ತು ವರ್ಷ ಆ ಹೊಗೇಲೇ ಉಂಡಿದೀನಿ, ಆ ಹೊಗೇಲೇ ಮಲಗಿದೀನಿ ಕಣವ್ವ. ಅವ್ರು ಬುಟ್ರು, ನೀವೆಲ್ಲ ಭೇಷ್ ಅಂದ್ರಿ, ಮೋಸಂಬಿ ತಂದ್ಕೊಟ್ರಿ. ಅವತ್ತೇ ನಂಗೂ ಬುಟ್ಟೋಯ್ತಲ್ಲ, ನಿಂಗೆಂಗೈತವ್ವ ಅಂತ ಒಬ್ರಾದ್ರೂ ಕೇಳುದ್ರಾ?"

ಕೇಳಿರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ನಮ್ಮ ಯಾರ ತಲೆಗೂ ಅದು ಬಂದಿರಲಿಲ್ಲ. ಈ ಹೆಂಗಸನ್ನು ಮಗನ ಮುಂದೆ ನಿಲ್ಲಿಸುವುದು ನನ್ನಿಂದಾಗದು ಅನ್ನಿಸಿತು. ವಾಪಸ್ ಬಂದು ಕುಣಿಗಲ್ ಪೈಪನ್ನೂ ಸುತ್ತಿ ಡಬ್ಬಕ್ಕೆ ಹಾಕಿ ಟೇಪು ಅಂಟಿಸಿದೆ. ಹೊಟ್ಟೆ ಉರಿಯುತ್ತಿತ್ತು, ಇಲ್ಲ ಅನ್ನುವುದಿಲ್ಲ.

ಸಂಜೆ ನಮ್ಮನೆಯವರು ಬಂದು, ಕಾಫಿಯನ್ನೂ ಕುಡಿಯದೆ ಡಬ್ಬ ಎತ್ತಿಕೊಂಡು ಹೊರಟರು. ಹೊಸಲು ದಾಟಬೇಕು, ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡ್ಡ ಬಂದು ನಿಂತರು.

"ಅದ್ನ ಇಳುಸ್ಲಾ. ಸೇದಿದ್ದು ನಾನು."

ನಮ್ಮನೆಯವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಅವ್ವಾ!" ಅಂದರು. ಅಪ್ಪನನ್ನಾದರೆ ಬಯ್ಯಬಹುದು, ಅವ್ವನನ್ನು ಬಯ್ದು ಅಭ್ಯಾಸವಿಲ್ಲ. ಡಬ್ಬವನ್ನು ನೆಲಕ್ಕಿಟ್ಟು ಅಪ್ಪನ ಕಡೆ ತಿರುಗಿದರು. "ನಿಂಗೇನಪ್ಪಾ ಬಂದಿತ್ತು? ಮಾಡ್ದೇ ಇರೋ ತಪ್ಪು ಒಪ್ಕೊಂಡು ಡಾಕ್ಟರ ಹತ್ರಾನೂ ಉಗಿಸ್ಕೊಂಡ್ಯಲ್ಲ!"

ಮಾವ ಕುರ್ಚಿಯಲ್ಲಿ ಹಾಗೇ ಹಿಂದಕ್ಕೊರಗಿದರು. ಮುಖದ ತುಂಬ ಬೆಲ್ಲ ಕದ್ದ ಮಗುವಿನ ಖುಷಿ.

"ಲೋ ಮಗ, ಮದ್ವೆಯಾಗಿ ಐವತ್ತು ವರ್ಷಕ್ಕೆ ಮೊದಲ್ನೇ ಸಲ ಇವಳ ಕೈಲಿ ಒಂದು ತಪ್ಪಾಗಿತ್ತು ಕಣ್ಲಾ. ಅದನ್ನ ನಿಂಗ್ಯಾಕ್ಲಾ ಕೊಡ್ಲಿ? ನಾನೇ ಮಡಗ್ಕೊಂಡಿದ್ದೆ."

ಹೇಳಿ ನಕ್ಕರು. ಮೊದಲು ನಮ್ಮನೆಯವರು, ಆಮೇಲೆ ನಾನು, ಎಲ್ಲರೂ ನಕ್ಕೆವು. ಅಷ್ಟರಲ್ಲಿ ಮಾವನ ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ, ಕುರ್ಚಿಯ ಹಿಡಿ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಅತ್ತೆ ಒಂದೇ ಹೆಜ್ಜೆಗೆ ಹೋಗಿ ಬೆನ್ನು ಸವರತೊಡಗಿದರು. ಬಯ್ಯಲಿಲ್ಲ. ಅವರ ಬಾಯಿಯ ಹತ್ತಿರ ಮುಖ ತಂದು, "ಎಳ್ಕಳಿ, ನಿಧಾನ, ಇನ್ನೊಂದು ಎಳ್ಕಳಿ" ಅನ್ನುತ್ತ ತಾವೂ ಜೊತೆಜೊತೆಗೆ ಉಸಿರು ಎಳೆದುಕೊಳ್ಳುತ್ತಿದ್ದರು. ಮಾವನ ಉಸಿರು ಸರಿಯಾದ ಮೇಲೆಯೇ ಅತ್ತೆಯದೂ ಸರಿಯಾಯಿತು.