ಮೆಟ್ಟಿಲ ಮೇಲಿನ ಕಾಲು

ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಮ್ಮ ಮೇಸ್ತ್ರಿಯನ್ನು ಕಂಡರೆ ನನಗೆ ರೇಗುತ್ತಿತ್ತು. ಚಿತ್ತವಾಡ್ಗಿಯಲ್ಲಿ ಕಂಪನಿ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ನಿಂತುಬಿಡುತ್ತಿದ್ದರು.

"ತಡೀರಿ ಡ್ರೈವರ್, ಒಬ್ರೂ ಹಿಂದ ಉಳೀಬಾರ್ದು."

ಆಗ ಕಂಪ್ಲಿ ಕಡೆಯವರು ಮುಂದೆ, ಸಂಡೂರು ಕಡೆಯವರು ಹಿಂದೆ ಕೂರುತ್ತಿದ್ದೆವು. ಮಾತಿಲ್ಲ, ಕತೆಯಿಲ್ಲ. ತಡವಾಗಿ ಬಂದವನನ್ನು ಬೈಯುವಾಗ ಮಾತ್ರ ಎಲ್ಲರೂ ಒಂದು. ಬರಬರುತ್ತಾ ಬೈಗುಳ ನಿಂತಿತು. ಬಾರದವನನ್ನು ನಾವೇ ಕಿಟಕಿಯಿಂದ ಹುಡುಕತೊಡಗಿದೆವು, ಫೋನ್ ಮಾಡತೊಡಗಿದೆವು. ನಮ್ಮಂಥ ಟೀಮು ಇನ್ನೊಂದಿಲ್ಲ ಎಂದು ಬೇರೆ ಶಿಫ್ಟಿನವರ ಮುಂದೆ ಕೊಚ್ಚಿಕೊಂಡೆವು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಆ ಕಾಲು ಇರಲಿಲ್ಲ. ಡ್ರೈವರ್ ಬಸ್ಸು ಬಿಟ್ಟ. ನಾವು ಹರಟೆಯಲ್ಲಿ ಮುಳುಗಿದ್ದೆವು. ಕಾರ್ಖಾನೆಯ ಗೇಟಿನಲ್ಲಿ ಇಳಿದ ಮೇಲೆಯೇ ಗೊತ್ತಾಗಿದ್ದು, ಮೇಸ್ತ್ರಿ ಇಲ್ಲ. ಫೋನ್ ತೆಗೆದೆ. ಏನು ಹೇಳುವುದೆಂದು ತೋಚದೆ ಮತ್ತೆ ಜೇಬಿಗಿಟ್ಟೆ.

ಅಷ್ಟರಲ್ಲಿ ಅವರು ಆಟೊದಿಂದ ಇಳಿದು, ಬೆವರು ಒರೆಸಿಕೊಳ್ಳುತ್ತಾ ಬಂದು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಒಬ್ರೂ ಹಿಂದ ಉಳಿದಿಲ್ಲಲ್ರಿ?"

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇಲ್ರಿ" ಎಂದೆ, ಅವರ ಕಾಲನ್ನೇ ನೋಡುತ್ತಾ.