ನಿಂಬೆಗಿಡದ ಟೀಚರ್

ಮೊಂಪೊಸ್ ಊರಿನ ಹೊಳೆದಂಡೆ ಶಾಲೆಯ ಓರ್ತೆನ್ಸಿಯಾ ಟೀಚರಿಗೆ ಯಾವ ವಸ್ತುವೂ ಬರೀ ವಸ್ತುವಲ್ಲ. ಸಾರಿನಲ್ಲಿ ತೇಲುವ ಈರುಳ್ಳಿಗೂ ಅರ್ಥ ಹುಡುಕುತ್ತಾರೆ. ಇಪ್ಪತ್ತಾರು ವರ್ಷದಿಂದ ಅವರು ಮೈಮರೆತು ಪಾಠ ಮಾಡುವ ಹಳೆಯ ಕಥೆಯೊಂದಿದೆ: ಒಣಗಿಹೋದ ನಿಂಬೆಗಿಡಕ್ಕೆ ಗಂಡನ ಕಣ್ಣೆದುರೇ ದಿನವೂ ನೀರೆರೆಯುವ ಹೆಂಡತಿಯದು. "ಗಿಡ ಅಂದ್ರೆ ಗಿಡ ಅಂತ ಬರೆದ್ರೆ ಸೊನ್ನೆ! ಅದು ಅವರ ಮದುವೆ ಕಣ್ರೋ!" ಎಂದು ಮೇಜು ಕುಟ್ಟುತ್ತಾರೆ. ಈ ಸಲ ಯಾಮಿಲೆ ಎಂಬ ಹುಡುಗಿ ಎದ್ದು, "ಗಿಡ ಸತ್ತಿದೆ ಅಂತ ಇಬ್ರಿಗೂ ಗೊತ್ತಲ್ವಾ ಟೀಚರ್, ಮತ್ಯಾಕೆ ಬಾಯಿ ಬಿಡಲ್ಲ?" ಎಂದಳು. ಟೀಚರ್ ಮೊದಲ ಬಾರಿಗೆ ತಡವರಿಸಿದರು: "ಬಾಯಿ ಬಿಟ್ರೆ ಆಮೇಲೆ ಅಳ್ಬೇಕಾಗುತ್ತಲ್ಲ, ಮಗಳೇ." ತಮ್ಮ ಮಗಳು ತೀರಿಕೊಂಡಾಗಿನಿಂದ, ಈ ಆರು ವರ್ಷ, ಟೀಚರೂ ಅವರ ಗಂಡ ಅಬುಂದಿಯೊ ಅವರೂ ಊಟ, ಕಾಫಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅಂದು ಸಂಜೆ ಟೀಚರ್ ಗಂಡನ ಎದುರು ಕುರ್ಚಿ ಎಳೆದು ಕೂತು, ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದರು. ಅಬುಂದಿಯೊ ಎದ್ದುಹೋಗಲಿಲ್ಲ.