ಟ್ಯಾಂಕಿನ ಮರೆಯ ಗಾಳಿ

ನನ್ನ ಸೋದರಮಾವನ ಕೆಲಸ ಗಾಳಿ ತೂಗುವುದಾಗಿತ್ತು. ಕೇಳಿದವರು ನಗುತ್ತಿದ್ದರು. "ಗಾಳಿ ತೂಗ್ತೀಯಲ್ಲ, ನಮಗೂ ಒಂದು ಕಿಲೋ ಕಟ್ಟಿಕೊಡು ಮಾರಾಯಾ" ಎಂದು ಓಣಿಯವರ ಗೇಲಿ ಬೇರೆ. ಈಗ ಬಿಳಿ ಕಾಗದ ಕಂಡರೂ ಸಾಕು, ಮಾಮ ಮುಖ ತಿರುಗಿಸುತ್ತಾನೆ.

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರದ ಗೋಡೆಗೆ ಅಂಟಿಕೊಂಡೇ ನಮ್ಮ ಮನೆಗಳ ಸಾಲು. ಸ್ಥಾವರದ ಕಚೇರಿಯ ತಾರಸಿಯಲ್ಲಿ ಒಂದು ಯಂತ್ರ ದಿನವಿಡೀ ಗಾಳಿ ಎಳೆಯುತ್ತಿತ್ತು. ಒಳಗಿನ ಬಿಳಿ ಕಾಗದದ ಮೇಲೆ ಧೂಳು ಕೂರುತ್ತಿತ್ತು. ಮರುದಿನ ಮಾಮ ಆ ಕಾಗದ ತೂಗಿ, ಅಂಕಿ ಬರೆದು, ರುಜು ಹಾಕುತ್ತಿದ್ದ.

ಮಾಮ ಬಲು ಅಚ್ಚುಕಟ್ಟು. ಊಟಕ್ಕೆ ಕೂರುವ ಮುಂಚೆ ತಟ್ಟೆಯನ್ನು ಎರಡು ಸಲ ಒರೆಸುವವನು. ಯಂತ್ರವನ್ನು ಬಯಲಲ್ಲಿಟ್ಟರೆ ಮಸಿ, ಬೂದಿ ಕಟ್ಟಿಕೊಂಡು ಮಧ್ಯಾಹ್ನಕ್ಕೇ ನಿಂತುಬಿಡುತ್ತಿತ್ತು. ಅದಕ್ಕೇ ಹಳಬರು ಹೇಳಿಕೊಟ್ಟ ಹಾಗೆ ಅದನ್ನು ನೀರಿನ ಟ್ಯಾಂಕಿನ ಮರೆಯಲ್ಲಿಟ್ಟ. ಧೂಳು ಅಳೆಯುವ ಯಂತ್ರವನ್ನು ಹತ್ತು ವರ್ಷ ಧೂಳಿನಿಂದ ಕಾಪಾಡಿದ ಪುಣ್ಯಾತ್ಮ! ಅದು ತಪ್ಪೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಅಷ್ಟರಲ್ಲಿ ಅಮ್ಮನ ಕೆಮ್ಮು ಎದೆಗಿಳಿಯಿತು. ಒಗೆದ ನಾಲ್ಕು ಬಟ್ಟೆ ಒಣಹಾಕುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. "ಈ ಜಾಗ ಬಿಟ್ರೆ ಉಳೀತಾರೆ" ಎಂದರು ಡಾಕ್ಟರು. ಬಿಟ್ಟು ಹೋಗುವುದೆಲ್ಲಿಗೆ? ದೂರದಲ್ಲಿ ಮನೆ ಕೊಡಿ ಎಂದು ಸಾಲಿನವರೆಲ್ಲ ಸೇರಿ ಅರ್ಜಿ ಹಾಕಿದೆವು.

ವಿಚಾರಣೆಗೆ ಬಂದ ಅಧಿಕಾರಿ ಹತ್ತು ವರ್ಷದ ಕಡತ ಬಿಚ್ಚಿ ನಮ್ಮ ಮುಂದಿಟ್ಟರು. ದಿನಾ ಶುದ್ಧ ಗಾಳಿ. ದಿನಾ ಮಾಮನ ರುಜು. ಅರ್ಜಿ ಅಲ್ಲೇ ಬಿದ್ದುಹೋಯಿತು.

ಮರುದಿನ ಮಾಮ ಯಂತ್ರವನ್ನು ಬಯಲಿಗೆಳೆದ. ಮಧ್ಯಾಹ್ನಕ್ಕೆ ಕಾಗದ ಹೆಂಚಿನ ತಳದ ಹಾಗೆ ಕಪ್ಪಾಗಿತ್ತು. ಅದಕ್ಕೂ ರುಜು ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಧಿಕಾರಿಯ ಹತ್ತಿರ ಓಡಿದ.

"ಹತ್ತು ವರ್ಷ ಬಿಳಿ, ಒಂದು ದಿನ ಕಪ್ಪು. ಎರಡಕ್ಕೂ ನಿಮ್ಮದೇ ಸೈನು. ಯಾವುದನ್ನ ನಂಬ್ಲಿ, ನೀವೇ ಹೇಳಿ" ಎಂದರಂತೆ ಅವರು.

ಮನೆಗೆ ಬಂದವನು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದ. ಟ್ಯಾಂಕಿನ ಮರೆಯ ವಿಷಯ ಅಮ್ಮನಿಗೆ ಗೊತ್ತಾದದ್ದೇ ಆಗ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಎಂದು ಕಾದೆ. ಅವಳು ಕೆಮ್ಮು ನಿಂತ ಮೇಲೆ ಮೆಲ್ಲಗೆ ಕೇಳಿದಳು.

"ಅಣ್ಣಾ, ಆ ಮರೇಲಿ ಇನ್ನೊಬ್ರು ಕೂರೋಷ್ಟು ಜಾಗ ಇತ್ತಾ?"

ಮಾಮ ಎದ್ದು ಅವಳಿಗೆ ನೀರು ತರಲು ಹೋದ. ಅಮ್ಮ ಹೋಗಿ ಮೂರು ವರ್ಷವಾಯಿತು. ಈಗಲೂ ಊಟದ ಮಧ್ಯೆ ಅವನ ಕೈ ತಟ್ಟೆಯಲ್ಲೇ ನಿಂತುಬಿಡುತ್ತದೆ. ಯಾರೂ ಏನೂ ಕೇಳದಿದ್ದರೂ, "ಇತ್ತಮ್ಮಾ, ಇತ್ತು" ಎನ್ನುತ್ತಾನೆ.